ಹಡಗಿನ ಕೆಲಸದವರ ಪಾಲು

ಚಿನ್ನೂ, ಪುಟ್ಟಾ,

ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಒಂದು ಕತೆ ಹೇಳುತ್ತಾರೆ. ನಮ್ಮತ್ತೆ ಹಡಗಿನಲ್ಲಿ ಅಷ್ಟು ಜನರ ಮುಂದೆ ಜಗಳ ಆಡಿದರು ಅಂತ. ಬಂದವರು ನಗುತ್ತಾರೆ, ನೀವೂ ನಗುತ್ತೀರಿ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ವರ್ಷ ತರೀಕೆರೆಯ ನಿಮ್ಮ ಪಂಪ್‌ಸೆಟ್ ಅಂಗಡಿಯಲ್ಲಿ ಮೋಟಾರುಗಳು ಚೆನ್ನಾಗಿ ಮಾರಾಟವಾದವು ಅಂತ ಕಂಪನಿಯವರು ನಾಲ್ಕು ಜನಕ್ಕೆ ಹಡಗಿನ ಟಿಕೆಟ್ ಕೊಟ್ಟರು. ಕಡೂರಿನ ಅಂಗಡಿಯವರಿಗೂ ಅಜ್ಜಂಪುರದ ಅಂಗಡಿಯವರಿಗೂ ಇನ್ನೂ ಕೆಲವರಿಗೂ ಸಿಕ್ಕಿತ್ತು. ಹೊರಡುವ ಹೊತ್ತಿಗೆ ನಿಮಗೆ ಪರೀಕ್ಷೆ ಬಂತು. ನಿಮ್ಮಿಬ್ಬರಿಗೆಂದು ಇದ್ದ ಕೋಣೆ ಖಾಲಿ ಹೋಗಬಾರದೆಂದು ನಿಮ್ಮಮ್ಮ ನನ್ನನ್ನು ಹೊರಡಿಸಿದಳು. ನಿಮ್ಮ ತಾತ ಹೋದ ಮೇಲೆ ನಾನು ಅಮೃತಾಪುರದ ದೇವಸ್ಥಾನ ದಾಟಿ ಎಲ್ಲಿಗೂ ಹೋದವಳಲ್ಲ. ಕಡೂರಿನಲ್ಲಿ ರೈಲು ಹತ್ತಿ ಮುಂಬಯಿ, ಅಲ್ಲಿಂದ ಹಡಗು. ಹಡಗಿನಲ್ಲಿ ನಾಲ್ಕು ದಿನ.

ಹಡಗು ಅಂದರೆ ನೀರಿನ ಮೇಲೆ ತೇಲುವ ಹತ್ತಂತಸ್ತಿನ ಕಲ್ಯಾಣ ಮಂಟಪ. ಬೆಳಗಿನಿಂದ ಊಟದ ಪಂಕ್ತಿ ಏಳುವುದೇ ಇಲ್ಲ. ನನ್ನ ಕೋಣೆಗೆ ಕಿಟಕಿ ಇರಲಿಲ್ಲ, ಆದರೆ ಹಾಸಿಗೆ ಎಷ್ಟು ಬೆಳ್ಳಗಿತ್ತೆಂದರೆ ಕೂರಲು ಭಯವಾಯಿತು. ಕೋಣೆ ನೋಡಿಕೊಳ್ಳುವವರು ಐವತ್ತರ ಹತ್ತಿರದ ಒಬ್ಬ ಗಂಡಸು. ಕುಂದಾಪುರದ ಕಡೆಯವರು, ಕನ್ನಡ ಮಾತಾಡುತ್ತಿದ್ದರು. ಅದೊಂದು ನನಗೆ ದೊಡ್ಡ ಸಮಾಧಾನ. ಆದರೆ ಮಾರನೆಯ ದಿನ ಅವರು ಬಾಗಿಲು ತಟ್ಟಿ "ಅಮ್ಮಾ, ಹಾಸಿಗೆ ಸಮ ಮಾಡ್ತೆ" ಅಂದಾಗ ನನಗೆ ಮೈಯೆಲ್ಲ ಮುದುಡಿದಂತಾಯಿತು. ನಾನು ಮಲಗಿ ಎದ್ದ ಹಾಸಿಗೆಯನ್ನು ಪರ ಗಂಡಸು ಮುಟ್ಟುವುದೇ? ಅಷ್ಟರಲ್ಲಿ ನಾನೇ ಎಲ್ಲ ಮಾಡಿ ಮುಗಿಸಿದ್ದೆ. ಹಾಸಿಗೆ ಎಳೆದು, ಹೊದಿಕೆ ಮಡಿಸಿ, ಲೋಟ ತೊಳೆದು, ಬಚ್ಚಲು ಒರೆಸಿ, ಬಾಗಿಲಲ್ಲಿ ಅಡ್ಡ ನಿಂತಿದ್ದೆ.

"ಎಲ್ಲ ಆಯ್ತಪ್ಪ, ನೀವ್ ಹೋಗ್ಬನ್ನಿ" ಅಂದೆ.

"ನನ್ನ ಕೆಲಸ ಎಲ್ಲ ನೀವೇ ಮಾಡಿದ್ರೆ ನಾನು ಎಂತ ಮಾಡೂದು ಅಮ್ಮ?" ಅಂತ ನಕ್ಕರು. ನಕ್ಕರೂ ಬಿಡಲಿಲ್ಲ. ನಾನು ಊಟಕ್ಕೆ ಹೋದಾಗ ಬಂದು, ಟವೆಲ್ ಬದಲಿಸಿ, ಒಂದು ಟವೆಲನ್ನು ಆನೆಯ ಹಾಗೆ ಮಡಿಸಿ ಹಾಸಿಗೆಯ ಮೇಲೆ ಕೂರಿಸಿ ಹೋಗಿದ್ದರು. ಮರುದಿನ ಮೊಲ. ಅದನ್ನು ಬಿಚ್ಚಲು ಮನಸ್ಸು ಬಾರದೆ ನಾನು ಸೆರಗಿನಲ್ಲೇ ಮುಖ ಒರೆಸಿಕೊಂಡೆ. ಕುಡಿಯುವ ನೀರಿನ ಬಾಟಲಿ ಒಂದು ಸಲವೂ ಖಾಲಿಯಾಗಿರಲಿಲ್ಲ. ಮಂಡಿ ನೋವೆಂದು ಒಮ್ಮೆ ಬಾಯಿತಪ್ಪಿ ಅಂದಿದ್ದಕ್ಕೆ ಎಲ್ಲಿಂದಲೋ ಒಂದು ಎತ್ತರದ ದಿಂಬು ತಂದಿಟ್ಟಿದ್ದರು.

ಮೂರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅಜ್ಜಂಪುರದ ಅಂಗಡಿಯವರು ಒಂದು ಕಾಗದ ಹಿಡಿದುಕೊಂಡು ನಮ್ಮ ಮೇಜಿಗೆ ಬಂದರು.

"ನೋಡ್ರಪ್ಪಾ, ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ನಮ್ ಲೆಕ್ಕಕ್ಕೆ ಹಾಕವ್ರೆ. ಕೆಲಸದವ್ರಿಗಂತೆ, ಟಿಪ್ಸು!"

"ಟಿಕೆಟ್‌ನಾಗೇ ಬಂದಿರಲ್ವೇನೋ?" ಅಂದರು ನಿಮ್ಮಪ್ಪ.

"ಇಲ್ಲ ಕಣೋ, ಇದು ಬ್ಯಾರೆ. ಆದ್ರೆ ಕೌಂಟರ್‌ನಾಗೆ ಒಂದ್ ಫಾರಂ ಬರ್ದುಕೊಟ್ರೆ ತೆಗೆದಾಕ್ತಾರಂತೆ. ಬ್ಯಾಡ ಅಂದೋರ್ಗೆ ಬ್ಯಾಡ. ನಾನಾಗ್ಲೇ ತೆಗೆಸ್ದೆ."

ಕಡೂರಿನ ಅಂಗಡಿಯವರು, "ನೀನು ಬಿಡಪ್ಪ, ಸ್ವರ್ಗಕ್ಕೆ ಹೋದ್ರೂ ಬಾಗಿಲು ತೆಗೆಯೋನ ಹತ್ರ ಚೌಕಾಸಿ ಮಾಡೋನು" ಅಂದರು. ಎಲ್ಲರೂ ನಕ್ಕರು. ನಕ್ಕವರೇ ಕೈ ತೊಳೆದುಕೊಂಡು ಕೌಂಟರಿಗೆ ಹೋಗಲು ಎದ್ದು ನಿಂತರು.

ಫಾರಂನಲ್ಲಿ ಕಾರಣ ಬರೆಯಬೇಕಂತೆ. "ಕೆಲಸ ಸರಿಯಿಲ್ಲ ಅಂತ ಗೀಚಿ, ಮುಗೀತು" ಅಂದರು ಅಜ್ಜಂಪುರದವರು. ನಿಮ್ಮಪ್ಪ ನನ್ನ ಕಡೆ ನೋಡಿ ನಗುತ್ತ, "ನಮ್ಮತ್ತೆ ರೂಮಿಗಂತೂ ಆಯಪ್ಪ ಕೈನೇ ಹಾಕಿಲ್ಲ. ಎಲ್ಲಾ ಅವ್ರೇ ಮಾಡ್ಕೊಂಡವ್ರೆ" ಅಂದರು. ಅದು ನನ್ನನ್ನು ಹೊಗಳಿದ ಮಾತೆಂದು ತಿಳಿದು ನಾನು ತಲೆ ತಗ್ಗಿಸಿ ಕೂತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಕೋಪ ಬರುತ್ತದೆ.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಅದೇ ಕುಂದಾಪುರದವರು. ಒಳಗೆ ಬರಲಿಲ್ಲ.

"ಕೇಳಬಾರದು, ಆದ್ರೂ ಕೇಳ್ತೆ ಅಮ್ಮ. ನನ್ನಿಂದ ಎಂತ ತಪ್ಪಾಯ್ತು? ಕೋಣೆಗೆ ಕೈಯೇ ಹಾಕಲಿಲ್ಲ ಅಂತ ಬರೆದು ಕೊಟ್ಟಿದ್ದಾರಂತೆ. ಮೇಲಿನವರು ಕರೆಸಿ ಕೇಳಿದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರೇ ಬಿಡಿಸಿ ಹೇಳಿದರು. ಸಂಬಳವೆಂದು ಬರುವುದು ಸ್ವಲ್ಪ. ತಲೆಗಿಷ್ಟು ಅಂತ ಬರುವ ಆ ಹಣವನ್ನು ಒಟ್ಟು ಮಾಡಿ ಎಲ್ಲರಿಗೂ ಹಂಚುತ್ತಾರೆ. ಕೋಣೆ ನೋಡುವವರಿಗೆ, ಬಡಿಸುವವರಿಗೆ, ಕೆಳಗೆಲ್ಲೋ ಬಟ್ಟೆ ಒಗೆಯುವವರಿಗೆ, ಪಾತ್ರೆ ತೊಳೆಯುವವರಿಗೆ. "ಅವರ ಮುಖ ನೀವು ನೋಡಿಯೇ ಇಲ್ಲ ಅಮ್ಮ. ದುಡ್ಡು ಹೋದ್ರೆ ಹೋಗ್ಲಿ. ಆ ಕಾಗದ ನನ್ನ ಹೆಸರಿಗೆ ಸೇರ್ತದೆ. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟು ಮುಗೀತದೆ. ಅಂಥ ಕಾಗದ ಇದ್ದವರನ್ನ ಮತ್ತೆ ಕರೀತಾರೋ ಇಲ್ವೋ."

ಅವರಿಗೆ ತೊಂದರೆ ಕೊಡಬಾರದೆಂದು, ನನ್ನ ನಾಚಿಕೆಗೆ, ನಾನು ಹಾಸಿಗೆ ಮಡಿಸಿದ್ದೆ. ಅದನ್ನೇ ಇವರು ಸಾಕ್ಷಿ ಮಾಡಿ ಅವರ ಕುತ್ತಿಗೆಗೆ ಕಟ್ಟಿದ್ದರು.

ದೇವನೂರಿನ ಹತ್ತಿರದ ನನ್ನ ತವರಿನಲ್ಲಿ ರಾಗಿ ಕಣದಲ್ಲಿ ರಾಶಿಯಾದ ಮೇಲೆ ಮೊದಲು ಆಯ ಅಳೆಯುತ್ತಿದ್ದರು. ಬಟ್ಟೆ ಒಗೆಯುವವರಿಗೆ, ಕ್ಷೌರದವರಿಗೆ, ಕಮ್ಮಾರರಿಗೆ ಇಷ್ಟಿಷ್ಟು ಮೊರ ಅಂತ ಅವರ ವರ್ಷದ ಪಾಲು. ಆ ಕಾಲದಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಪಾಲು ತೆಗೆದುಕೊಳ್ಳಲು ಬಂದವರನ್ನು ದೂರ ನಿಲ್ಲಿಸುತ್ತಿದ್ದರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆಯ ತಪ್ಪಿಸುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಒಂದು ವರ್ಷ ನಮ್ಮ ನೇಗಿಲ ಗುಳ ತಟ್ಟಿಸಲೆಂದು ಕಮ್ಮಾರರ ಮನೆಗೆ ಹೋಗಲೇ ಇಲ್ಲ. ಈ ಸಲ ಯಾಕೆ ಕೊಡಬೇಕು ಅಂತ ನಮ್ಮ ಚಿಕ್ಕಪ್ಪ ಕೇಳಿದರು. ನಮ್ಮಪ್ಪ ಮೊರ ತುಂಬುತ್ತಲೇ, "ಅವ್ನು ಕುಲುಮೆ ಹೊತ್ಸಿ ಕೂತಿದ್ದ ಅಂತ ತಾನೆ ನಾವ್ ಧೈರ್ಯವಾಗಿ ಉತ್ತಿದ್ದು" ಅಂದಿದ್ದರು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಲಿಫ್ಟಿನಲ್ಲಿ ಎರಡು ಸಲ ಬೇರೆ ಅಂತಸ್ತಿಗೆ ಹೋಗಿ ಕೊನೆಗೆ ಕೌಂಟರ್ ಸಿಕ್ಕಿತು. ನಿಮ್ಮಪ್ಪ, ನಿಮ್ಮಮ್ಮ, ಅಂಗಡಿಯವರೆಲ್ಲ ಅಲ್ಲೇ ಸೋಫಾದಲ್ಲಿ ಕೂತು ಹರಟುತ್ತಿದ್ದರು. ನಾನು ಅಳಿಯಂದಿರ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಏನು ಬೇಕಿದ್ದರೂ ನಿಮ್ಮಮ್ಮನ ಕೈಲಿ ಹೇಳಿಸುತ್ತಿದ್ದವಳು. ಆ ದಿನ ನೇರವಾಗಿ, "ಆ ಕಾಗದ ವಾಪಸ್ ತಗೊಳ್ಳಿ" ಅಂದೆ.

"ಅತ್ತೆ, ನೀವು ರೂಮಿಗ್ ಹೋಗಿ. ಇದೆಲ್ಲ ನಿಮಗ್ ಗೊತ್ತಾಗಲ್ಲ."

"ಯಾಕಮ್ಮಾ, ನಿಮ್ದೇನ್ ಹೋಯ್ತು? ದುಡ್ಡು ಉಳೀತಲ್ಲ!" ಅಂದರು ಅಜ್ಜಂಪುರದವರು.

"ಉಳಿದಿದ್ದಲ್ಲ ಕಣಪ್ಪ, ಕಿತ್ಕೊಂಡಿದ್ದು. ನಾನ್ ಹಾಸಿಗೆ ಮಡಿಸ್ದೆ ಅಂತ ಅವ್ರ ಅನ್ನಕ್ಕೆ ಕಲ್ಲು ಹಾಕ್ತೀರಾ? ನಿಮ್ ಫಿಟ್ಟರು ಬಾವಿಗೆ ಮೋಟ್ರು ಇಳ್ಸಕ್ಕೆ ಹೋದಾಗ ರೈತ ಊಟ ಹಾಕಿ ಕೈಗೆ ಏನಾದ್ರೂ ಕೊಡ್ದಿದ್ರೆ ಅಂಗಡೀಲಿ ಕೂತು ಅವ್ನ ಜಿಪುಣ ಅಂತ ವಾರಗಟ್ಲೆ ಆಡ್ಕೋತೀರಲ್ಲ, ನಿಮ್ ಬಾಯಿಗೆ ಈಗೇನಾಯ್ತು?"

"ಸಿಕ್ಕಾಕ್ಕೊಂಡ್ಯಲ್ಲೋ!" ಅಂತ ಕಡೂರಿನವರು ಅಜ್ಜಂಪುರದವರ ತೊಡೆಗೆ ಬಾರಿಸಿದರು. ಸುತ್ತಲಿನವರು ತಿರುಗಿ ನೋಡುತ್ತಿದ್ದರು. ನಿಮ್ಮಪ್ಪನ ಮುಖ ಕೆಂಪಾಗಿತ್ತು. ನಿಮ್ಮಮ್ಮ ಎದ್ದು ನಿಂತು, "ಏಳ್ರೀ, ಬರ್ದುಕೊಡಿ. ಅಮ್ಮ ಇಷ್ಟು ಮಾತಾಡಿದ್ದು ನಾನ್ ಹುಟ್ಟಿದಾಗಿಂದ ನೋಡಿಲ್ಲ" ಅಂದಳು.

ಕೌಂಟರಿನ ಹುಡುಗಿಗೆ ಕನ್ನಡ ಬಾರದು. ನಾನು ಹೇಳಿದ್ದನ್ನು ನಿಮ್ಮಮ್ಮ ಇಂಗ್ಲಿಷಿನಲ್ಲಿ ಬರೆದಳು. ಕೋಣೆಯವರು ಚೆನ್ನಾಗಿ ನೋಡಿಕೊಂಡರು, ಹಾಸಿಗೆ ಮಡಿಸಿದ್ದು ನಾನು, ನನ್ನ ಸಂಕೋಚಕ್ಕೆ, ಮೊದಲಿನ ಕಾಗದ ಸುಳ್ಳು ಅಂತ. ಸುಳ್ಳು ಅನ್ನುವುದು ಬೇಡವೆಂದು ನಿಮ್ಮಪ್ಪ ಅಂದರು. ಬೇಕೇ ಬೇಕು ಅಂದೆ. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ. ನಮ್ಮ ಎರಡು ಕೋಣೆಯ ಹಣವನ್ನೂ ನಿಮ್ಮಪ್ಪ ಮತ್ತೆ ಸೇರಿಸಿದರು. ಕಡೂರಿನವರೂ ತಲೆ ಕೆರೆದುಕೊಂಡು ತಮ್ಮದನ್ನು ಸೇರಿಸಿದರು. ಉಳಿದವರು ಯಾರೂ ಏಳಲಿಲ್ಲ. ಅವರ ಕೋಣೆಗಳನ್ನು ನೋಡಿಕೊಂಡವರೂ ಯಾವುದೋ ಮನೆಯ ಮಕ್ಕಳೇ ತಾನೆ?

ಕುಂದಾಪುರದವರನ್ನು ಆಮೇಲೆ ಮತ್ತೆ ಕರೆದರೋ, ಬಿಟ್ಟರೋ, ನನಗೆ ಗೊತ್ತಾಗಲಿಲ್ಲ. ಇಳಿಯುವ ದಿನ ಬೆಳಿಗ್ಗೆ ಗುಂಪಿನಲ್ಲಿ ದೂರದಿಂದ ಕೈಮುಗಿದರು, ನಾನೂ ಮುಗಿದೆ. ಮೊದಲೇ ಬಾಯಿ ಬಿಟ್ಟಿದ್ದರೆ ಆ ಸುಳ್ಳು ಕಾಗದ ಮೇಲಿನವರ ಕೈಗೆ ಹೋಗುತ್ತಲೇ ಇರಲಿಲ್ಲ. ಅದು ನನ್ನ ತಪ್ಪು.

ನಾಳೆ ನೀವೂ ದೊಡ್ಡ ದೊಡ್ಡ ಊರಿಗೆ ಹೋಗುತ್ತೀರಿ. ನಿಮ್ಮ ಮುಂದೆಯೂ ಯಾರಾದರೂ ಒಂದು ಫಾರಂ ಹಿಡಿದು, ಎಲ್ಲರೂ ಬರೆಯುತ್ತಿದ್ದಾರೆ ನೀವೂ ಬರೆಯಿರಿ ಅನ್ನುತ್ತಾರೆ. ಆಗ ಹೇಳಲು ನಾನಿರುವುದಿಲ್ಲ. ನಿಮ್ಮ ಮಾರ್ಕ್ಸ್‌ಕಾರ್ಡು ಇಡುವ ಫೈಲಿನಲ್ಲಿ ಈ ಹಾಳೆಗಳಿಗೂ ಒಂದು ಜಾಗ ಕೊಡಿ ಮಕ್ಕಳೇ, ಇಲಿ ಕಡಿಯದಂತೆ, ನೀರು ಬೀಳದಂತೆ ನೋಡಿಕೊಳ್ಳಿ.