ಮುತ್ತಜ್ಜಿಯ ಹೆಸರಿನ ಮುಂದಿದ್ದ ಗುರುತು

ಅಮೆರಿಕದ ರೆಸ್ಟನ್‌ ಊರಿನ ನಮ್ಮ ಪಕ್ಕದ ಮನೆಯ ಲಿಂಡಾ ಒಂದು ಜೆರಾಕ್ಸ್ ಹಾಳೆಯನ್ನು ನನ್ನ ಮುಂದಿಟ್ಟು ಮುಖ ಸಣ್ಣ ಮಾಡಿಕೊಂಡು ನಿಂತಳು. ಸ್ವೀಡನ್‌ನಿಂದ ಹಡಗಿನಲ್ಲಿ ಬಂದ ಅವಳ ಮುತ್ತಜ್ಜಿಯ ಹೆಸರು ಅಲ್ಲಿನ ಹಳೆಯ ಚರ್ಚ್ ದಾಖಲೆಯಲ್ಲಿ ಕೊನೆಗೂ ಸಿಕ್ಕಿತ್ತು. ಹೆಸರಿನ ಮುಂದೆ ಏನೋ ಒಂದು ಗುರುತು.

"ಅವ್ರಿಗೆ ಓದೋಕೆ ಬರಲ್ಲ ಅಂತ ಪಾದ್ರಿ ಹಾಕಿದ್ದಂತೆ, ಅಜ್ಜಿ. ಲಿಂಡಾ ಬರೀತಿರೋ ಫ್ಯಾಮಿಲಿ ಬುಕ್‌ನಲ್ಲಿ ಅದನ್ನ ಸ್ಕಿಪ್ ಮಾಡ್ತಾರಂತೆ," ಎಂದು ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದಳು ನನ್ನ ಮೊಮ್ಮಗಳು.

"ಬಿಡಬೇಡ ಅನ್ನು. ಓದು ಬರದೇನೇ ಸಮುದ್ರ ದಾಟಿದ್ಳಲ್ಲ, ಇವಳಿಗ್ಯಾಕೆ ನಾಚಿಕೆ?" ಎಂದೆ.

ಮೊಮ್ಮಗಳು ತಿಳಿಸಿದ ಮೇಲೆ ಲಿಂಡಾ ನನ್ನ ಆ ಮಾತನ್ನೂ ಬರೆದುಕೊಂಡಳು. ಅಂದಿನಿಂದ ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನನ್ನೂ ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದಾಗ ಊರಿನ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದಿದ್ದರು. ಆ ಪುಸ್ತಕ ಯಾರಿಗಾದರೂ ಸಿಕ್ಕರೆ, ನಾನೇ ಬರೆದ ಈ ಕಾಗದವನ್ನೂ ಅದರೊಳಗೆ ಇಡಿ.