ಫಿಲೋಮಿನಾ ಬಾಯಿ ಮಾಡಿದ ಬಿಯರ್

ಫಿಲೋಮಿನಾ ಬಾಯಿಯಷ್ಟು ಕೆಟ್ಟ ಬಿಯರ್ ಮಾಡುವವರನ್ನು ನಾನು ಇದುವರೆಗೆ ಕಂಡಿಲ್ಲ. ಐದು ವರ್ಷ ತಿಂಗಳು ತಪ್ಪದೆ ಕುಡಿದವನು, ಹೇಳುವ ಹಕ್ಕು ನನಗಿದೆ. ಈಗ ಅದರದೇ ಒಂದು ಲೋಟ ಸಿಕ್ಕರೆ ಸಾಕಪ್ಪಾ ಅನ್ನಿಸುತ್ತದೆ.

ಬಾಯಿ ಮಂಗಳೂರಿನವರು. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಮನೆಯ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಮೂವತ್ತು ವರ್ಷ ಅಲ್ಲೇ ನರ್ಸಾಗಿ ದುಡಿದು ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಎಂಬಕಸಿಯ ಚರ್ಚಿನ ಒಂದು ದವಾಖಾನೆಗೆ ಹೋಗಿ ಸೊರಗಿದ ಕೂಸುಗಳಿಗೆ ರಾಗಿ ಮಾಲ್ಟ್ ಕುಡಿಸುತ್ತಿದ್ದರು. ರಾಗಿ ನೆನೆಸುವುದು, ಮೊಳಕೆ ಕಟ್ಟುವುದು, ತಾರಸಿಯ ಮೇಲೆ ಒಣಗಿಸಿ ಹುರಿಯುವುದು ಎಲ್ಲ ಅವರದೇ ಕೈ, ಖರ್ಚೂ ಅವರದೇ. ನನಗೋ ಮನೆಯಲ್ಲಿ ಬಿಯರ್ ಮಾಡುವ ಹುಚ್ಚು. ಹೊರದೇಶದ ಬಾರ್ಲಿ ಮಾಲ್ಟ್ ಕೈಗೆಟುಕದೆ ಅರ್ಧಕ್ಕರ್ಧ ಮೊಳಕೆ ರಾಗಿ ಸೇರಿಸುತ್ತಿದ್ದೆ. ಹೀಗಾಗಿ ನಮ್ಮಿಬ್ಬರ ರಾಗಿಯೂ ಒಂದೇ ತಾರಸಿಯಲ್ಲಿ ಅಕ್ಕಪಕ್ಕ ಒಣಗುತ್ತಿತ್ತು.

2011ರಲ್ಲಿ ರಾಗಿಯ ಬೆಲೆ ಏರಿತು. ನಲವತ್ತು ಕೂಸುಗಳಲ್ಲಿ ಯಾರಿಗೆ ಕೊಡುವುದು, ಯಾರನ್ನು ಬಿಡುವುದು ಎಂದು ಬಾಯಿ ಕಂಗಾಲಾದರು. ಮೂಟೆಗಟ್ಟಲೆ ಕೊಂಡರೆ ಅಗ್ಗವೆಂದು ಅವರನ್ನು ನ್ಯಾಮಕಿಮಾದ ಕಾಳಿನ ಅಂಗಡಿಗಳ ಸಾಲಿಗೆ ಕರೆದುಕೊಂಡು ಹೋದೆ. ಅಲ್ಲಿ ನಾನು ಬಿಯರಿಗೆ ರಾಗಿ ಕೊಳ್ಳುತ್ತಿದ್ದ ಅಂಗಡಿಯ ಮಾಮಾ ನ್ಯಾಂಬುರಾ (ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ) ನನಗೊಂದು ದರ ಹೇಳಿದಳು, ಬಾಯಿಗೆ ಅದಕ್ಕಿಂತ ಹೆಚ್ಚಿನ ದರ ಹೇಳಿದಳು. ಅದೇ ವಿಂಬಿ, ಅಂದರೆ ನಮ್ಮ ರಾಗಿ, ಅದೇ ಗೋಣಿ. ಹೆಂಡ ಮಾಡುವವರು ಸಾಯುವವರೆಗೂ ಬರುತ್ತಾರೆ, ಗಂಜಿಯವರು ಮಗು ದೊಡ್ಡದಾದ ಮೇಲೆ ಇತ್ತ ತಲೆ ಹಾಕುವುದಿಲ್ಲ, ಅದಕ್ಕೇ ಅಗ್ಗದ ದರ ಹೆಂಡದವರಿಗೆ ಮಾತ್ರ ಎಂಬುದು ಆಕೆಯ ನ್ಯಾಯ.

ನೀವೂ ಬಿಯರ್ ಮಾಡುತ್ತೇನೆ ಅಂದುಬಿಡಿ ಎಂದೆ. ಸುಳ್ಳು ಹೇಳುವುದಿಲ್ಲ ಎಂದರು. ನಿಮ್ಮ ಗೋಣಿಯನ್ನೂ ನಾನೇ ಕೊಳ್ಳುತ್ತೇನೆ ಎಂದೆ. ಅದು ನಿಮ್ಮ ಕೈಲಿ ಹೇಳಿಸುವ ಸುಳ್ಳು ಎಂದರು. ನನಗೆ ರೇಗಿತು. ನಿಮ್ಮ ಸತ್ಯಕ್ಕೆ ಆ ಕೂಸುಗಳು ಉಪವಾಸ ಬೀಳಬೇಕೇ ಎಂದು ಕೇಳಿಯೇಬಿಟ್ಟೆ. ಮಟಾಟು ವ್ಯಾನಿನಲ್ಲಿ ಪಾರ್ಕ್‌ಲ್ಯಾಂಡ್ಸ್ ಮುಟ್ಟಿದೆವು. ಇಳಿದ ಮೇಲೆ ಬಾಯಿ ಹೇಳಿದರು:

"ಹಾಗಾದ್ರೆ ನಂಗೆ ಬಿಯರ್ ಮಾಡ್ಲಿಕ್ಕೆ ಕಲಿಸಿ ಮಾರಾಯ್ರೆ. ಮಾಡಿದ್ರೆ ಸುಳ್ಳಾಗುದಿಲ್ಲ ಅಲ್ವಾ?"

ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಹೆಂಗಸು ಬಿಯರಿಗೆ ಹಂಡೆ ಏರಿಸಿದರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು, ಒಂದನ್ನು ಮಾತ್ರ ಕೇಳಲಿಲ್ಲ: ಬಾಟಲಿಗಳನ್ನು ಗಾಯ ತೊಳೆಯುವ ಔಷಧಿಯಲ್ಲೇ ತೊಳೆದರು. ಬಿಯರಿಗೆ ಆಪರೇಷನ್ ಥಿಯೇಟರಿನ ವಾಸನೆ. ಸಾಕ್ಷಿಗೆಂದು ಮೊದಲ ಬಾಟಲಿಯನ್ನು ನ್ಯಾಂಬುರಾಳಿಗೆ ಒಯ್ದರು. ಆಕೆ ಒಂದು ಗುಟುಕು ಕುಡಿದಳು, ಮುಖ ಚೂರೂ ಕಿವಿಚಲಿಲ್ಲ, ಹೆಂಡದವರ ದರಕ್ಕೇ ಗೋಣಿ ಕೊಟ್ಟಳು. ಆ ತಿಂಗಳು ಒಂದು ಕೂಸಿಗೂ ಮಾಲ್ಟ್ ತಪ್ಪಲಿಲ್ಲ. ಅಲ್ಲಿಂದ ಪ್ರತಿ ತಿಂಗಳೂ ಬಾಯಿ ಒಂದು ಹಂಡೆ ಬಿಯರ್ ಮಾಡಿದರು. ಚೆಲ್ಲುವುದು ಪಾಪವೆಂದು ನನಗೆ ಕೊಟ್ಟರು, ಮೂಗು ಮುಚ್ಚಿಕೊಂಡು ಕುಡಿದೆ.

2016ರಲ್ಲಿ ಬಾಯಿ ತಂಗಿಯ ಜೊತೆ ಇರಲು ಮಂಗಳೂರಿಗೆ ಹೊರಟರು. ದವಾಖಾನೆಯ ರಾಗಿಯ ಕೆಲಸ ನನ್ನ ಪಾಲಿಗೆ ಬಂತು. ಅವರು ಹೋದ ಬೆನ್ನಿಗೇ ನನಗೆ ಸಕ್ಕರೆ ಕಾಯಿಲೆ ಅಂಟಿಕೊಂಡು, ಡಾಕ್ಟರು ನನ್ನ ಬಿಯರಿಗೂ ಬಾಗಿಲು ಹಾಕಿದರು. ನ್ಯಾಂಬುರಾಳಿಗೆ ನಿಜವನ್ನೇ ಹೇಳಿದೆ: ನಾನೀಗ ಬಿಯರ್ ಮಾಡುವುದಿಲ್ಲ, ಈ ಗೋಣಿ ಮಕ್ಕಳಿಗೆ. ಆದರೂ ಆಕೆ ಹೆಂಡದವರ ದರವನ್ನೇ ಹಾಕಿದಳು. ಬಾಯಿಯ ಗೋಣಿಯೂ ಮಕ್ಕಳಿಗೇ ಹೋಗುವುದೆಂದು ಅವತ್ತು ಮೊದಲ ಗುಟುಕಿಗೇ ಗೊತ್ತಾಗಿತ್ತಂತೆ. ಅಂಥ ಬಿಯರ್ ಮಾರಿ ಬದುಕುವವರು ಯಾರೂ ಇಲ್ಲವಂತೆ. ಮತ್ತೆ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳಿದೆ.

"ಹೇಳಿದ್ದರೆ ನಿಮ್ಮ ಜೊತೆಯ ಆ ಮಾಮಾ ಪೂರ್ತಿ ದರ ಕೊಟ್ಟೇ ಒಯ್ಯುತ್ತಿದ್ದಳು," ಎಂದು ಸ್ವಾಹಿಲಿಯಲ್ಲಿ ಅಂದಳು. "ಮಕ್ಕಳಿಗೆ ಕಡಿಮೆ ಬೀಳುತ್ತಿತ್ತು."

ಆ ಜನಜಂಗುಳಿಯಲ್ಲಿ ನನ್ನ ಕಣ್ಣು ತುಂಬಿತು. ಕುಡಿದ ಅಷ್ಟೂ ಹಂಡೆಗಳು ನೆನಪಾಗಿ ಸಿಟ್ಟೂ ಬಂತು.

ಭಾನುವಾರ ಬಾಯಿ ಫೋನ್ ಮಾಡಿದರು. ಗೋಣಿ ಹಳೇ ದರಕ್ಕೇ ಸಿಕ್ಕಿತು ಎಂದೆ.

"ನೀವು ಈಗ್ಲೂ ಬಿಯರ್ ಮಾಡ್ತೀರಲ್ಲ ಶ್ರೀಹರಿ? ಸುಳ್ಳು ಹೇಳಿ ತಂದದ್ದಲ್ಲ ಅಲ್ವಾ?"

ನಿಜ ಹೇಳಿದ್ದರೆ ಐದು ವರ್ಷದ ದರದ ವ್ಯತ್ಯಾಸವನ್ನೂ ಲೆಕ್ಕ ಹಾಕಿ ನ್ಯಾಂಬುರಾಳಿಗೆ ಕಳಿಸುತ್ತಿದ್ದರು. ಮಾಡುತ್ತೇನೆ ಎಂದೆ. ಫೋನ್ ಇಟ್ಟವನೇ, ಅವರು ಬಿಟ್ಟುಹೋಗಿದ್ದ ಹಂಡೆಯನ್ನು ತೊಳೆದು ಒಲೆಯ ಮೇಲಿಟ್ಟೆ.