ಅಯ್ಯಪ್ಪನ ಫಾರಮ್ಮಿನಲ್ಲಿ ಒಂದೊಂದೇ ಕುರಿ

ಮಸರಕಲ್ಲಿನ ಕುರಿಗಾರ ಸಾಬಣ್ಣನ ಮಗ ಅಯ್ಯಪ್ಪ ರಾಯಚೂರಿನಲ್ಲಿ ಗೆಳೆಯ ಜಹೀರನ ಜೊತೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಬೋರ್ಡಿನ ಮೇಲೆ 'ಸಾಫ್ಟ್‌ವೇರ್ ಸೊಲ್ಯೂಷನ್ಸ್' ಎಂದಿದೆ. ಬರುವವರು ಹೆಚ್ಚಾಗಿ ಜೆರಾಕ್ಸಿಗೆ ಬರುತ್ತಾರೆ. ಅಯ್ಯಪ್ಪ ಅವರಿಗೂ ಸೊಲ್ಯೂಷನ್ ಕೊಟ್ಟ ಗತ್ತಿನಲ್ಲೇ ಹಾಳೆ ಕೊಡುತ್ತಾನೆ. ತನ್ನ ಗತ್ತು ಕಂಡು ತನಗೇ ನಗು ಬರುವುದು ಅವನಲ್ಲಿರುವ ಒಂದೇ ಒಳ್ಳೆಯ ಗುಣ. ಅದೂ ಸ್ವಲ್ಪ ತಡವಾಗಿ ಬರುತ್ತದೆ.

ಹೋದ ವರ್ಷ ದೇವದುರ್ಗ, ಮಾನ್ವಿ ಕಡೆಯ ಕುರಿಗಾರರ ಸಂಘದವರು ಅವನನ್ನು ಕರೆಸಿದರು. ಕುರಿಗಳಿಗೆ ಲಸಿಕೆ ಹಾಕುವ ಕ್ಯಾಂಪಿಗೆ ಮೊಬೈಲಿನಲ್ಲೇ ಹೆಸರು ಬರೆಸುವಂತಾಗಬೇಕು, ಎಷ್ಟು ಲಸಿಕೆ ತರಬೇಕೆಂದು ಡಾಕ್ಟರಿಗೆ ಮೊದಲೇ ತಿಳಿಯಬೇಕು. ಹಿಂಡು ಮೇವು ಹುಡುಕಿಕೊಂಡು ಊರು ಬಿಡುವ ಮೊದಲು ಲಸಿಕೆ ಬೀಳದಿದ್ದರೆ ದಾರಿಯಲ್ಲೇ ರೋಗ ತಗುಲಿ ಕುರಿಗಳು ಉರುಳುತ್ತವೆ. ಸಾಬಣ್ಣನ ಹಿಂಡೂ ಹೊರಡುವುದರಲ್ಲಿತ್ತು.

ಸಾದಾ ಫಾರಂ ಮಾಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಸಾದಾ ಕೆಲಸ ಮಾಡಿದರೆ ಅಯ್ಯಪ್ಪನ ದೊಡ್ಡಸ್ತಿಕೆ ಏನಾಗಬೇಕು? ಅವನು ಎಕ್ಸ್‌ಎಂಎಲ್ ಫಾರಂ ಹಿಡಿದು ಕೂತ. ಯಾವ ಖಾನೆ ತುಂಬಲೇಬೇಕು, ಎಲ್ಲಿ ಅಂಕಿ ಇರಬೇಕು ಎಂಬ ಕಟ್ಟಳೆಯೆಲ್ಲ ಅದರ ಹೊಟ್ಟೆಯಲ್ಲೇ ಇರುತ್ತದೆ. ಬಂದದ್ದನ್ನು ಪಡೆದು ಜೋಪಾನ ಮಾಡುವ ವೆಬ್ ಫ್ರೇಮ್‌ವರ್ಕಿಗೆ ಅದನ್ನು ಜೋಡಿಸಬೇಕು. ಫಾರಂ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕಳಿಸುತ್ತದೆ. ಫ್ರೇಮ್‌ವರ್ಕ್ ಒಂದೊಂದಾಗಿ ಬಿಡಿಸಿ ಕೊಡು ಅನ್ನುತ್ತದೆ. ಹೊಸ ಬೀಗರ ಹಾಗೆ ಇಬ್ಬರಿಗೂ ತಮ್ಮ ಪದ್ಧತಿಯೇ ಪದ್ಧತಿ. ನಡುವೆ ಕೂತು ರಾಜಿ ಮಾಡಿಸುವ ಕೋಡು ಬರೆಯುವಷ್ಟರಲ್ಲಿ ಅಯ್ಯಪ್ಪನಿಗೆ ತಿಂಗಳೇ ಹಿಡಿಯಿತು.

"ನೋಡಲೇ ಜಹೀರ್, ಕುರಿ ಎಷ್ಟು ಅನ್ನೂದನ್ನ ಖಾಲಿ ಬಿಟ್ರ ಫಾರಂ ಬಿಡಂಗಿಲ್ಲ. ಸೊನ್ನಿ ಬರದ್ರೂ ಬಿಡಂಗಿಲ್ಲ. ಅದು ತಪ್ಪಿಸಿಕೊಂಡ್ರ ಫ್ರೇಮ್‌ವರ್ಕ್ ಹಿಡೀತದ. ಎರಡು ಬಾಗಲದಾಗ ಎರಡು ಕಾವಲು!" ಎಂದು ಬೀಗಿದ.

"ಮಾಷಾ ಅಲ್ಲಾ! ಕುರಿ ಲೆಕ್ಕಕ್ಕ ಇಷ್ಟು ಬಂದೋಬಸ್ತ್?" ಎಂದ ಜಹೀರ್.

ಮೊದಲ ಹೆಸರು ತಂದೆಯದೇ ಇರಲಿ ಎಂದು ಅಯ್ಯಪ್ಪ ಫೋನು ಹಚ್ಚಿದ. "ಯಪ್ಪಾ, ನಮ್ಮ ಕುರಿ ಎಷ್ಟು ಅಂತ ಬರೀಲಿ?"

"ಅದಾವಲ್ಲೋ ನಾಕು," ಎಂದು ಸಾಬಣ್ಣ ಫೋನಿಟ್ಟ.

ಕುರಿಗಾರರಲ್ಲಿ ಹಿಂಡಿನ ಎಣಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ. ಇಂಥ ಮಾತಿಗೆಲ್ಲ ರಾಯಚೂರಿನ ಚಹಾದಂಗಡಿಯಲ್ಲಿ ಕೂತು ನಗುತ್ತಿದ್ದವನು ಅಯ್ಯಪ್ಪ. ಅಪ್ಪನ ಹಿಂಡಿನ ಎಣಿಕೆ ಅವನಿಗೆ ಗೊತ್ತಿತ್ತು. ಆದರೆ ಬೆರಳು ಮುಂದೆ ಹೋಗಲಿಲ್ಲ. ಸೊನ್ನೆ ಹಾಕಿದರೆ ತನ್ನದೇ ಕಾವಲು ಬಿಡದು. ಒಂದು ಎಂದು ಹಾಕಿ ಒತ್ತಿದ. ಎರಡೂ ಕಾವಲುಗಾರರು ಸಲಾಮು ಹೊಡೆದು ಒಳಗೆ ಬಿಟ್ಟರು. ಒಬ್ಬರದು ತಪ್ಪಾದರೆ ಲೋಕವೇನು ಮುಳುಗುತ್ತದೆ ಎಂದು ಅಯ್ಯಪ್ಪ ಸಮಾಧಾನ ಮಾಡಿಕೊಂಡ.

ಬಾಗಲವಾಡ, ನೀರಮಾನ್ವಿಯ ಕುರಿಗಾರರೂ ಮೊಬೈಲ್ ಹಿಡಿದು ಹಾಗೆಯೇ ಸಮಾಧಾನ ಮಾಡಿಕೊಂಡರು.

ಕ್ಯಾಂಪಿನ ದಿನ ಮಸರಕಲ್ಲಿನ ಹೊರಗಿನ ಬಯಲು ಕುರಿಗಳಿಂದ ತುಂಬಿತ್ತು. ಡಾಕ್ಟರ್ ಶೈಲಜಾ ಸ್ಕೂಟಿಯಲ್ಲಿ ಬಂದರು. ಮುಂದೆ ಒಂದು ಸಣ್ಣ ಐಸ್ ಡಬ್ಬಿ, ಅದರೊಳಗೆ ಒಂದೇ ಬಾಟಲಿ. ಬಯಲು ನೋಡಿ ಇಳಿಯುವುದನ್ನೇ ಮರೆತರು.

"ಇದೇನ್ರೀ ಅಯ್ಯಪ್ಪ? ನಿಮ್ಮ ಫಾರಂ ಕಳಿಸಿದ ಲೆಕ್ಕ ನೋಡಿ, ಉಳಿದ ಹಿಂಡು ಆಗಲೇ ಊರು ಬಿಟ್ಟಾವ ಅಂದ್ಕೊಂಡೆ ನಾನು!"

ಜಹೀರ್ ಲ್ಯಾಪ್‌ಟಾಪ್ ತೆರೆದ. "ಎಲ್ಲಾರ ಮನ್ಯಾಗೂ ಒಂದೊಂದ ಕುರಿ ಅದ ನೋಡ್ರಿ," ಎಂದ. ಸಂಘದ ಅಧ್ಯಕ್ಷ ಕನಕರಾಯನಿಗೆ ಸಿಟ್ಟು ನೆತ್ತಿಗೇರಿತು. "ಯಾವ ಶಾಣ್ಯಾನೋ ಹಿಂಗ ಬರದಾಂವ?"

ನಮ್ಮ ಮಂದಿಗೆ ಫಾರಂ ತುಂಬಲು ಬರುವುದಿಲ್ಲ ಎಂಬ ಮಾತು ಅಯ್ಯಪ್ಪನ ನಾಲಿಗೆಯ ತುದಿಗೇ ಬಂದಿತ್ತು. ನಾಚಿಕೆ ಅದನ್ನು ತಡೆಯಿತು. "ಮೊದಲ ಬರದಾಂವ ನಾನ ರೀ," ಎಂದ. ಮಾಡಿದ್ದುಣ್ಣೋ ಮಹರಾಯ.

ಬೇರೆ ಲಸಿಕೆ ಬರಲು ಇನ್ನೊಂದು ವಾರ ಬೇಕು, ಇದ್ದದ್ದು ಒಂದು ಹಿಂಡಿಗಷ್ಟೇ ಸಾಲುತ್ತದೆ ಎಂದರು ಡಾಕ್ಟರ್. ಎಲ್ಲರಿಗಿಂತ ಮೊದಲು ಬಂದು ಮುಂದೆ ನಿಂತಿದ್ದವನು ಸಾಬಣ್ಣ. ಮರುದಿನ ಬೆಳಿಗ್ಗೆ ಹೊರಡಲು ಬುತ್ತಿಯನ್ನೂ ಕಟ್ಟಿಸಿದ್ದ. ಅವನ ಹಿಂದೆ, ಅಂದು ಸಂಜೆಯೇ ಹೊರಡಬೇಕಿದ್ದ ಜಂಬಮ್ಮನ ಹಿಂಡು. ಕನಕರಾಯ ಅಯ್ಯಪ್ಪನ ಮುಖ ನೋಡಿದ. ಅಯ್ಯಪ್ಪ ತಂದೆಯ ಹತ್ತಿರ ಹೋದ.

"ಯಪ್ಪಾ, ತಪ್ಪು ನಂದು. ಜಂಬಮ್ಮಗ ಬಿಟ್ಟು ಕೊಡೂಣು. ನಮ್ಮವು ಒಂದು ವಾರ ಕಾಯಬೇಕಾಗ್ತದ."

ಸಾಬಣ್ಣ ಮಗನನ್ನೊಮ್ಮೆ, ಡಾಕ್ಟರ ಡಬ್ಬಿಯನ್ನೊಮ್ಮೆ ನೋಡಿದ. ಆಮೇಲೆ ಹೆಗಲ ಕಂಬಳಿ ಸರಿಮಾಡಿಕೊಂಡು ಹಿಂಡನ್ನು ಹಿಂದಕ್ಕೆ ತಿರುಗಿಸಿದ.

"ಕಾಯ್ತದ ಬಿಡಲೇ. ನಮ್ದು ಒಂದ ಕುರಿ ಅಂತ ಬರದೀ ಅಲ್ಲಾ? ಒಂದಕ್ಕ ಏನು ಅವಸರ?"

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಅಯ್ಯಪ್ಪನೂ ನಗಲು ನೋಡಿದ, ಆಗಲಿಲ್ಲ. ಆ ಒಂದು ಕುರಿ ಧೂಳೆಬ್ಬಿಸುತ್ತ ಅವನ ಮುಂದೆ ಹಾದುಹೋಗಿ ಮುಗಿಯಲು ಬಹಳ ಹೊತ್ತು ಹಿಡಿಯಿತು.